ಹೂಡಿಕೆ ಒಪ್ಪಂದಕ್ಕೆ ಸಹಿ ಹಾಕಿದ್ರೆ ನಿಜವಾಗ್ಲೂ ವಿದೇಶಿ ಬಂಡವಾಳ ಬರತ್ತಾ?

ಸಾಗರದಾಚೆ:
ಇನ್ನೊಂದು ಗುಂಪಲ್ಲಿ ಒಬ್ರು ಹೂಡಿಕೆ ಒಪ್ಪಂದ ಅಂದ್ರೆ ದೇಶವನ್ನೇ ಅಡ ಇಡೋ ಪತ್ರ ಅಂತ ಬರ್ದಿದ್ರು, ಉತ್ತರ ಕೊಡೋಷ್ಟರಲ್ಲಿ ಅಲ್ಲಿ ಚರ್ಚೆ ಬಂದ್ ಮಾಡಿದ್ರು, ಅದಕ್ಕೆ ಇಲ್ಲಿ ಹಾಕ್ತಿದೀನಿ. 1959ರಲ್ಲಿ ಪಶ್ಚಿಮ ಜರ್ಮನಿ ಮತ್ತೆ ಪಾಕಿಸ್ತಾನ ಮೊದಲನೇ ದ್ವಿಪಕ್ಷೀಯ ಹೂಡಿಕೆ ಒಪ್ಪಂದ ಮಾಡ್ಕೊಂಡ್ವು. ಆಮೇಲೆ ಜಗತ್ತಲ್ಲಿ ಇಂಥ ಒಪ್ಪಂದಗಳು ಸಾವಿರಗಟ್ಟಲೆ ಆಗಿವೆ. ಸುಮ್ಸುಮ್ನೆ ಯಾರಾದ್ರೂ ಸಹಿ ಹಾಕ್ತಾರಾ? ಪರಿಹಾರ ಕೊಡದೆ ಆಸ್ತಿ ಕಿತ್ಕೊಳ್ಳೋ ಹಾಗಿಲ್ಲ, ಲಾಭದ ಹಣ ಹೊರಗೆ ಕಳಿಸೋಕೆ ಅಡ್ಡಿ ಇಲ್ಲ, ಸ್ವದೇಶಿ ಕಂಪನಿಗೆ ಒಂದು ನ್ಯಾಯ ಪರದೇಶಿ ಕಂಪನಿಗೆ ಇನ್ನೊಂದು ನ್ಯಾಯ ಇಲ್ಲ, ಜಗಳ ಆದ್ರೆ ಆ ದೇಶದ ಕೋರ್ಟಿಗೇ ಹೋಗ್ಬೇಕು ಅಂತಿಲ್ಲ, ತಟಸ್ಥ ಟ್ರಿಬ್ಯೂನಲ್ ಮುಂದೆ ಹೋಗಬಹುದು. ಇಷ್ಟು ಭರವಸೆ ಇಲ್ದೆ ಯಾವ ಕಂಪನಿ ಮೂವತ್ತು ವರ್ಷ ನಡೀಬೇಕಾದ ಗಣಿಗೋ ವಿದ್ಯುತ್ ಸ್ಥಾವರಕ್ಕೋ ದುಡ್ಡು ಸುರಿಯತ್ತೆ? ನೆಟ್ಟಗೆ ಹೇಳ್ತೀನಿ, ಒಪ್ಪಂದ ಇಲ್ದಿರೋ ದೇಶಕ್ಕೆ ಬಂಡವಾಳ ಬರಲ್ಲ.

ನೇರನುಡಿ:
"ಒಪ್ಪಂದ ಇಲ್ದಿರೋ ದೇಶಕ್ಕೆ ಬಂಡವಾಳ ಬರಲ್ಲ." ಬ್ರೆಜಿಲ್ ಅಂತ ಒಂದು ದೇಶ ಇದೆ ಸ್ವಾಮಿ. ತೊಂಬತ್ತರ ದಶಕದಲ್ಲಿ 14 ಒಪ್ಪಂದಕ್ಕೆ ಸಹಿ ಹಾಕಿದ್ರು, ಅವರ ಸಂಸತ್ತು ಒಂದನ್ನೂ ಅನುಮೋದಿಸ್ಲಿಲ್ಲ. ಕಂಪನಿ ನೇರವಾಗಿ ಸರ್ಕಾರದ ಮೇಲೆ ಕೇಸ್ ಹಾಕೋ ಟ್ರಿಬ್ಯೂನಲ್ ವ್ಯವಸ್ಥೆಗೆ ಅವರು ಇವತ್ತಿಗೂ ಒಪ್ಪಿಲ್ಲ, ಇಂಥ ಕೇಸುಗಳು ನಡೆಯೋ ವಾಷಿಂಗ್ಟನ್ನಿನ ವಿಶ್ವಬ್ಯಾಂಕ್ ಕೇಂದ್ರ ಇಕ್ಸಿಡ್‌ಗೂ ಸದಸ್ಯರಲ್ಲ. ಹಾಗಿದ್ರೂ ಲ್ಯಾಟಿನ್ ಅಮೆರಿಕದಲ್ಲಿ ಅತಿ ಹೆಚ್ಚು ವಿದೇಶಿ ಹೂಡಿಕೆ ಹೋಗೋ ದೇಶಗಳಲ್ಲಿ ಅದೂ ಒಂದು. ಐರ್ಲೆಂಡ್ ನೋಡಿ, ದ್ವಿಪಕ್ಷೀಯ ಹೂಡಿಕೆ ಒಪ್ಪಂದ ಅಂತ ಮಾಡ್ಕೊಂಡಿದ್ದೇ ಒಂದು, ಜೆಕ್ ಗಣರಾಜ್ಯದ ಜೊತೆ, ಅದೂ ರದ್ದಾಯ್ತು. ಅಮೆರಿಕದ ದೊಡ್ಡ ದೊಡ್ಡ ಟೆಕ್ ಕಂಪನಿ, ಔಷಧ ಕಂಪನಿ ಎಲ್ಲಾ ಅಲ್ಲೇ ಕೂತಿಲ್ವಾ? ಒಂದು ವಾಕ್ಯದಲ್ಲಿ ಇಡೀ ಜಗತ್ತನ್ನ ಅಳೆಯೋಕೆ ಹೋಗಬೇಡಿ.

ಲೆಕ್ಕಾಚಾರ:
ಬ್ರೆಜಿಲ್ ಉದಾಹರಣೆ ಎಲ್ಲರೂ ಕೊಡ್ತಾರೆ, ಅದರ ಮಾರುಕಟ್ಟೆ ಎಷ್ಟು ದೊಡ್ಡದು ಅಂತ ಯಾರೂ ಹೇಳಲ್ಲ. ಇಪ್ಪತ್ತು ಕೋಟಿ ಜನ ಇರೋ ದೇಶಕ್ಕೆ ಒಪ್ಪಂದ ಇರ್ಲಿ ಬಿಡ್ಲಿ ಕಂಪನಿಗಳು ಬಂದೇ ಬರ್ತವೆ. ಐರ್ಲೆಂಡಿಗೆ ಕಡಿಮೆ ತೆರಿಗೆ ಇತ್ತು, ಐರೋಪ್ಯ ಒಕ್ಕೂಟದ ಮಾರುಕಟ್ಟೆ ಇತ್ತು. ಇದ್ಯಾವುದೂ ಇಲ್ದಿರೋ ಸಣ್ಣ ದೇಶ ತನ್ನ ಮಾತಿಗೆ ಬೆಲೆ ಇದೆ ಅಂತ ತೋರಿಸೋದು ಹೇಗೆ? 1970ರಿಂದ 2001ರವರೆಗೆ 119 ಅಭಿವೃದ್ಧಿಶೀಲ ದೇಶಗಳ ಅಂಕಿಅಂಶ ಇಟ್ಕೊಂಡು 2005ರಲ್ಲಿ ಒಂದು ಅಧ್ಯಯನ ಬಂತು, ಒಪ್ಪಂದ ಹೆಚ್ಚು ಮಾಡ್ಕೊಂಡ ದೇಶಕ್ಕೆ ಹೂಡಿಕೆ ಹೆಚ್ಚು ಬಂದಿದೆ ಅಂತಾನೇ ಅದರ ತೀರ್ಮಾನ. ಎರಡು ದೇಶದ ಹೆಸರು ಹೇಳಿದ ತಕ್ಷಣ 119 ದೇಶದ ಲೆಕ್ಕ ಅಳಿಸಿಹೋಗಲ್ಲ.

ನೇರನುಡಿ:
2005ರ ಅಧ್ಯಯನ ಸಿಕ್ಕಿದ ನಿಮಗೆ 2003ರದ್ದು ಸಿಗ್ಲಿಲ್ವಾ? ವಿಶ್ವಬ್ಯಾಂಕಿನದೇ ಪ್ರಬಂಧ, 20 ಶ್ರೀಮಂತ ದೇಶಗಳಿಂದ 31 ಅಭಿವೃದ್ಧಿಶೀಲ ದೇಶಗಳಿಗೆ ಎರಡು ದಶಕ ಹರಿದ ಬಂಡವಾಳ ನೋಡಿ, ಒಪ್ಪಂದದಿಂದ ಹೂಡಿಕೆ ಹೆಚ್ಚಾಯ್ತು ಅನ್ನೋಕೆ ಪುರಾವೆ ತೀರಾ ಕಮ್ಮಿ ಅಂತ ಹೇಳಿದೆ. ವಿಶ್ವಬ್ಯಾಂಕಿಗೆ ವಿದೇಶಿ ಬಂಡವಾಳ ಕಂಡ್ರೆ ಆಗಲ್ಲ ಅಂತ ಮಾತ್ರ ಹೇಳ್ಬೇಡಿ.

ಕರಿಕೋಟು:
ನೀವು ಮೂರೂ ಜನ "ಬರತ್ತೆ, ಬರಲ್ಲ" ಅಂತ ಹೊಡೆದಾಡ್ತಿದೀರ, ಒಪ್ಪಂದದಲ್ಲಿ ಏನು ಬರ್ದಿರತ್ತೆ ಅಂತ ಯಾರೂ ನೋಡಿದ ಹಾಗಿಲ್ಲ. ಎಲ್ಲಾ ಒಪ್ಪಂದಾನೂ ದೇಶ ತೆರೆಯಲ್ಲ. ಯುರೋಪಿನ ದೇಶಗಳು ಮಾಡ್ಕೊಂಡ ಹಳೇ ಒಪ್ಪಂದಗಳನ್ನ ತೆಗೆದು ಓದಿ, ಹೂಡಿಕೆ ಒಳಗೆ ಬರೋದು ಆತಿಥೇಯ ದೇಶದ ಕಾನೂನಿನ ಪ್ರಕಾರವೇ ಅಂತ ಇರತ್ತೆ. ಅಂದ್ರೆ ಯಾವ ಕ್ಷೇತ್ರಕ್ಕೆ ಯಾರನ್ನ ಬಿಟ್ಕೋಬೇಕು, ಶೇಕಡಾ ಎಷ್ಟು ಅನ್ನೋದು ಪೂರ್ತಿ ಆ ಸರ್ಕಾರದ ಕೈಲೇ ಇರತ್ತೆ, ಒಳಗೆ ಬಂದ್ಮೇಲೆ ಮಾತ್ರ ರಕ್ಷಣೆ. ಅಮೆರಿಕ, ಕೆನಡಾ ಮಾಡೋ ಒಪ್ಪಂದಗಳ ದಾರಿ ಬೇರೆ. ಅವು ಒಳಗೆ ಬರೋ ಹಂತದಲ್ಲೇ ಸಮಾನತೆ ಕೇಳ್ತವೆ. ಯಾವ ಕ್ಷೇತ್ರ ಮುಚ್ಚಿಡ್ಬೇಕೋ ಅದನ್ನ ಪಟ್ಟಿಯಲ್ಲಿ ಹೆಸರಿಟ್ಟು ಬರೀಬೇಕು, ಬರೀದೇ ಬಿಟ್ಟಿದ್ದೆಲ್ಲ ತೆರೆದ ಹಾಗೆ. ಎಷ್ಟೋ ಸಲ ಇನ್ನೊಂದು ಷರತ್ತೂ ಇರತ್ತೆ, ಮುಂದೆ ಸರ್ಕಾರ ತಾನಾಗೇ ನಿಯಮ ಸಡಿಲ ಮಾಡಿದ್ರೆ ಆ ಸಡಿಲಿಕೆಯೇ ಹೊಸ ಕನಿಷ್ಠ ಮಟ್ಟ ಆಗತ್ತೆ, ಮತ್ತೆ ಬಿಗಿ ಮಾಡೋ ಹಾಗಿಲ್ಲ. ಅಮೆರಿಕ, ಕೆನಡಾ, ಮೆಕ್ಸಿಕೊ ಮಾಡ್ಕೊಂಡಿದ್ದ 1994ರ ವ್ಯಾಪಾರ ಒಪ್ಪಂದ ನಾಫ್ಟಾ ಇದೇ ಮಾದರಿಯದಾಗಿತ್ತು. ಇವೆರಡನ್ನೂ ಒಂದೇ ಚೀಲಕ್ಕೆ ತುಂಬಿ ಅಧ್ಯಯನ ಮಾಡಿದ್ರೆ 2003ರದ್ದು ಒಂದು ಹೇಳತ್ತೆ 2005ರದ್ದು ಇನ್ನೊಂದು ಹೇಳತ್ತೆ, ಅದರಲ್ಲಿ ಆಶ್ಚರ್ಯ ಪಡೋಕೆ ಏನೂ ಇಲ್ಲ.

ಸಾಗರದಾಚೆ:
"ಮತ್ತೆ ಬಿಗಿ ಮಾಡೋ ಹಾಗಿಲ್ಲ" ಅಂತ ಹೆದರಿಸಬೇಡಿ. ಜನರ ಆರೋಗ್ಯಕ್ಕೆ ಬೇಕಾದ ಕಾನೂನು ಮಾಡೋಕೆ ಯಾವ ಒಪ್ಪಂದಾನೂ ಅಡ್ಡ ಬಂದಿಲ್ಲ. ಆಸ್ಟ್ರೇಲಿಯಾ ಸಿಗರೇಟ್ ಪ್ಯಾಕೆಟ್ ಮೇಲಿನ ಬಣ್ಣ, ಲೋಗೋ ಎಲ್ಲಾ ತೆಗೆದು ಸಾದಾ ಪ್ಯಾಕೆಟ್ ಕಡ್ಡಾಯ ಮಾಡ್ತು, ಸಿಗರೇಟ್ ಕಂಪನಿ ಫಿಲಿಪ್ ಮಾರಿಸ್ ಕೇಸ್ ಹಾಕ್ತು, ಟ್ರಿಬ್ಯೂನಲ್ ಆಸ್ಟ್ರೇಲಿಯಾದ ಕಾನೂನು ಸರಿ ಅಂತ ತೀರ್ಪು ಕೊಡ್ತು. ಸರ್ಕಾರಗಳ ಕೈ ಕಟ್ಟಿಹಾಕ್ತಾರೆ ಅನ್ನೋ ವಾದ ಅಲ್ಲಿಗೇ ಮುಗೀತು.

ನೇರನುಡಿ:
"ಕಾನೂನು ಸರಿ ಅಂತ ತೀರ್ಪು ಕೊಡ್ತು" ಅನ್ನೋದು ಶುದ್ಧ ಸುಳ್ಳು. ಆ ತೀರ್ಪನ್ನ ಓದಿದೀರಾ? ಸಾದಾ ಪ್ಯಾಕೆಟ್ ಸರಿಯೋ ತಪ್ಪೋ ಅನ್ನೋ ವಿಷಯಕ್ಕೆ ಟ್ರಿಬ್ಯೂನಲ್ ಹೋಗಲೇ ಇಲ್ಲ. ನಡೆದಿದ್ದು ಇಷ್ಟು. ಆಸ್ಟ್ರೇಲಿಯಾ ಸರ್ಕಾರ 2010ರ ಏಪ್ರಿಲ್‌ನಲ್ಲಿ ಈ ಕಾನೂನು ತರ್ತೀವಿ ಅಂತ ಘೋಷಿಸ್ತು. ಅದಾದ್ಮೇಲೆ, 2011ರ ಫೆಬ್ರವರಿಯಲ್ಲಿ, ಕಂಪನಿ ತನ್ನ ಆಸ್ಟ್ರೇಲಿಯಾ ಶಾಖೆಯ ಷೇರನ್ನ ಹಾಂಗ್‌ಕಾಂಗಿನ ತನ್ನದೇ ಇನ್ನೊಂದು ಕಂಪನಿಗೆ ವರ್ಗಾಯಿಸ್ತು, ಯಾಕೆ ಅಂದ್ರೆ ಹಾಂಗ್‌ಕಾಂಗ್ ಮತ್ತೆ ಆಸ್ಟ್ರೇಲಿಯಾ ಮಧ್ಯೆ 1993ರ ಹೂಡಿಕೆ ಒಪ್ಪಂದ ಇತ್ತು. ಆಮೇಲೆ ಅದೇ ಒಪ್ಪಂದ ಹಿಡ್ಕೊಂಡು ಕೇಸ್. 2015ರ ಡಿಸೆಂಬರ್‌ನಲ್ಲಿ ಟ್ರಿಬ್ಯೂನಲ್ ಹೇಳಿದ್ದು, ಜಗಳ ಬರೋದು ಗೊತ್ತಿದ್ದೇ ಷೇರು ವರ್ಗಾಯಿಸಿದೀರ, ಇದು ಹಕ್ಕಿನ ದುರುಪಯೋಗ, ನಿಮ್ಮ ಕೇಸ್ ನಾವು ಕೇಳೋಕಾಗಲ್ಲ, ಅಷ್ಟೇ. ಕಂಪನಿ ಹತ್ತು ವರ್ಷ ಮೊದಲೇ ಹಾಂಗ್‌ಕಾಂಗಿಗೆ ಷೇರು ಹಾಕಿದ್ದಿದ್ರೆ ಏನಾಗ್ತಿತ್ತು? ಅದಕ್ಕೆ ನಿಮ್ಮತ್ರ ಉತ್ತರ ಇಲ್ಲ.

ಸಾಗರದಾಚೆ:
ಕೇಸ್ ವಜಾ ಆಯ್ತೋ ಇಲ್ವೋ? ಆಸ್ಟ್ರೇಲಿಯಾ ಕಾನೂನು ಇವತ್ತಿಗೂ ಜಾರಿಯಲ್ಲಿದೆಯೋ ಇಲ್ವೋ? ಗೆಲುವು ಅಂದ್ರೆ ಗೆಲುವು. ವಿಷಯಕ್ಕೆ ಹೋಗಿಲ್ಲ ಅಂತೀರಲ್ಲ, ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ಕ್ಯೂಬಾ, ಹೊಂಡುರಾಸ್, ಡೊಮಿನಿಕನ್ ರಿಪಬ್ಲಿಕ್, ಇಂಡೋನೇಷ್ಯಾ ಇದೇ ಕಾನೂನಿನ ಮೇಲೆ ದೂರು ಕೊಟ್ಟಿದ್ವಲ್ಲ, 2018ರಲ್ಲಿ ಅಲ್ಲಿನ ಸಮಿತಿ ವಿಷಯಕ್ಕೇ ಇಳಿದು ಆಸ್ಟ್ರೇಲಿಯಾ ಪರ ಹೇಳ್ತು, 2020ರಲ್ಲಿ ಮೇಲ್ಮನವಿಯಲ್ಲೂ ಅದೇ ಉಳೀತು. ಇನ್ನೇನು ಬೇಕು ನಿಮಗೆ?

ನೇರನುಡಿ:
ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ದೇಶದ ಮೇಲೆ ದೇಶ ದೂರು ಕೊಡತ್ತೆ, ಅಲ್ಲಿ ಕಂಪನಿಗೆ ಪರಿಹಾರದ ಹಣ ಅಂತ ಇಲ್ಲ. ನಾವು ಮಾತಾಡ್ತಿರೋದು ಕಂಪನಿ ಸೀದಾ ಸರ್ಕಾರದ ಮೇಲೆ ಕೋಟಿಗಟ್ಟಲೆ ಕೇಳೋ ಟ್ರಿಬ್ಯೂನಲ್ ಬಗ್ಗೆ. ಒಂದು ಕಡೆ ಸೋತ ತಕ್ಷಣ ಇನ್ನೊಂದು ಕಟ್ಟಡಕ್ಕೆ ಓಡ್ತೀರ.

ಕರಿಕೋಟು:
ನೇರನುಡಿ ಹೇಳಿದ ವ್ಯತ್ಯಾಸ ಇದೆ, ಆದ್ರೆ ವಿಷಯದ ಮೇಲೆ ತೀರ್ಪು ಬೇಕು ಅಂದ್ರೆ ಅದೂ ಇದೆ, ಯಾಕೋ ಇಬ್ರೂ ಅದನ್ನ ಎತ್ತಿಲ್ಲ. ಉರುಗ್ವೆ. ಪ್ಯಾಕೆಟ್ಟಿನ ಶೇಕಡಾ 80 ಭಾಗ ಎಚ್ಚರಿಕೆ ಚಿತ್ರ ಇರ್ಬೇಕು, ಒಂದು ಬ್ರ್ಯಾಂಡಿಗೆ ಒಂದೇ ರೂಪ, ಅಂತ ಅವರು ನಿಯಮ ಮಾಡಿದ್ರು. ಫಿಲಿಪ್ ಮಾರಿಸ್ ಸ್ವಿಟ್ಜರ್ಲೆಂಡ್ ಒಪ್ಪಂದದ ಕೆಳಗೆ 2010ರಲ್ಲಿ ಇಕ್ಸಿಡ್‌ಗೆ ಹೋಯ್ತು. 2016ರ ಜುಲೈನಲ್ಲಿ ತೀರ್ಪು ಬಂತು, ಸಾರ್ವಜನಿಕ ಆರೋಗ್ಯಕ್ಕಾಗಿ ಸರ್ಕಾರ ಪ್ರಾಮಾಣಿಕವಾಗಿ ಮಾಡಿದ ನಿಯಮ ಸ್ವಾಧೀನ, ಅಂದ್ರೆ ಆಸ್ತಿ ಕಿತ್ಕೊಳ್ಳೋದು, ಅಂತ ಅನಿಸ್ಕೊಳ್ಳಲ್ಲ ಅಂತ ಹೇಳಿ ಎಲ್ಲಾ ವಾದ ತಳ್ಳಿಹಾಕಿದ್ರು, ಉರುಗ್ವೆಗೆ ಖರ್ಚಿನ ಬಾಬ್ತು 70 ಲಕ್ಷ ಡಾಲರ್ ಕೊಡಿ ಅಂತ ಕಂಪನಿಗೇ ಆದೇಶ ಮಾಡಿದ್ರು. ಮೂವರಲ್ಲಿ ಒಬ್ಬ ಮಧ್ಯಸ್ಥಗಾರರು ಕೆಲವು ಅಂಶಗಳಿಗೆ ಭಿನ್ನಮತ ಬರ್ದಿದಾರೆ, ಅದನ್ನೂ ಹೇಳ್ಬಿಡ್ತೀನಿ, ಆಮೇಲೆ ಮುಚ್ಚಿಟ್ಟೆ ಅನ್ನೋದು ಬೇಡ.

ನೇರನುಡಿ:
"ಖರ್ಚಿನ ಬಾಬ್ತು" ಅಂದ್ರಲ್ಲ, ಅಲ್ಲೇ ನನ್ನ ಮಾತಿರೋದು. 35 ಲಕ್ಷ ಜನ ಇರೋ ದೇಶ, ಆರು ವರ್ಷ ಕೇಸ್, ಕೋಟಿ ಡಾಲರ್ ಖರ್ಚು. ನ್ಯೂಯಾರ್ಕಿನ ಬ್ಲೂಮ್‌ಬರ್ಗ್ ಪ್ರತಿಷ್ಠಾನ ಹಣದ ನೆರವು ಕೊಡದೆ ಇದ್ದಿದ್ರೆ ಎಷ್ಟು ದಿನ ತಡ್ಕೊಳ್ತಿದ್ರು? ಆಸ್ಟ್ರೇಲಿಯಾದಂಥ ಶ್ರೀಮಂತ ದೇಶಕ್ಕೇ ಕೇಸ್ ಗೆಲ್ಲೋಕೆ ಸುಮಾರು 2.4 ಕೋಟಿ ಆಸ್ಟ್ರೇಲಿಯನ್ ಡಾಲರ್ ಖರ್ಚಾಯ್ತು, ಕಂಪನಿಯಿಂದ ವಾಪಸ್ ಸಿಕ್ಕಿದ್ದು ಅರ್ಧ. ಗೆದ್ದವನೇ ಅರ್ಧ ಖರ್ಚು ಹೊರೋ ವ್ಯವಸ್ಥೇನ ಹೊಗಳ್ಕೊಂಡು ಕೂತಿದೀರ.

ಹಾಡುಹಕ್ಕಿ:
ಸ್ವಲ್ಪ ನಿಲ್ಸಿ. ಸಿಗರೇಟ್ ಕೇಸ್ ನಾನೂ ಓದಿದೀನಿ. ಮೇಲೆ ಕೇಳಿದ ಪ್ರಶ್ನೆ ಒಪ್ಪಂದದಿಂದ ಬಂಡವಾಳ ಬರತ್ತಾ ಅಂತ. ಕರಿಕೋಟು ಅವರು ಒಳಗೆ ಬರೋ ಹಂತ, ಬಂದ ಮೇಲಿನ ಹಂತ ಅಂತ ಬೇರೆ ಮಾಡಿದ್ರಲ್ಲ, ವಿಶ್ವ ವ್ಯಾಪಾರ ಸಂಸ್ಥೆಯ ಸೇವಾ ಒಪ್ಪಂದ ಇದರಲ್ಲಿ ಎಲ್ಲಿ ಬರತ್ತೆ? ಅದರಲ್ಲೂ ವಿದೇಶಿ ಕಂಪನಿ ಬಂದು ಶಾಖೆ ತೆರೆಯೋದು ಇದೆ ಅಲ್ವಾ?

ಸಾಗರದಾಚೆ:
ಹಾಡುಹಕ್ಕಿ ಮೇಡಂ, ಒಂದು ನಿಮಿಷ, ಇದನ್ನ ಮುಗಿಸಿ ಬರ್ತೀನಿ. ನೇರನುಡಿ, "ಗೆದ್ದವನೇ ಅರ್ಧ ಖರ್ಚು ಹೊರೋದು" ಬರೀ ಇಲ್ಲಿ ಮಾತ್ರ ನಡೆಯತ್ತಾ? ಸಾಧಾರಣ ಸಿವಿಲ್ ಕೋರ್ಟಲ್ಲಿ ಗೆದ್ದವನಿಗೆ ಪೂರ್ತಿ ಖರ್ಚು ವಾಪಸ್ ಬರತ್ತಾ? ನಿಮಗೆ ಬೇಕಾದ್ದನ್ನ ಮಾತ್ರ ಆರಿಸ್ಕೊಂಡು ಹೇಳ್ತೀರ. ಎರಡು ದೇಶ, ಎರಡು ಕೇಸ್, ಎರಡರಲ್ಲೂ ಕಂಪನಿಗೆ ಸೋಲು. ಕಾನೂನು ಮಾಡೋಕೆ ಒಪ್ಪಂದ ಅಡ್ಡ ಬಂತು ಅನ್ನೋಕೆ ಒಂದೇ ಒಂದು ಸರ್ಕಾರದ ಹೆಸರು ಹೇಳಿ. ಒಂದೇ ಒಂದು.

ನೇರನುಡಿ:
ನ್ಯೂಜಿಲೆಂಡ್. ತಗೊಳ್ಳಿ. 2013ರಲ್ಲಿ ಸಾದಾ ಪ್ಯಾಕೆಟ್ ಕಾನೂನು ತರೋಕೆ ತೀರ್ಮಾನ ಮಾಡಿದ್ರು, ಆದ್ರೆ ಆಸ್ಟ್ರೇಲಿಯಾದ ಕೇಸುಗಳು ಏನಾಗ್ತವೆ ನೋಡೋಣ ಅಂತ ಕಾದ್ರು. ಕಾನೂನು ಪಾಸಾಗಿದ್ದು 2016ರಲ್ಲಿ, ಜಾರಿಗೆ ಬಂದಿದ್ದು 2018ರಲ್ಲಿ. ಅಷ್ಟು ವರ್ಷ ಅಲ್ಲಿನ ಮಕ್ಕಳು ಬಣ್ಣಬಣ್ಣದ ಪ್ಯಾಕೆಟ್ ನೋಡ್ಕೊಂಡೇ ಬೆಳೆದ್ರು. ಯಾರೂ ಕೇಸ್ ಹಾಕಲಿಲ್ಲ, ಯಾರೂ ಸೋಲಲಿಲ್ಲ, ನಿಮ್ಮ ಪಟ್ಟಿಯಲ್ಲಿ ಇದು ಲೆಕ್ಕಕ್ಕೇ ಬರಲ್ಲ, ಆದ್ರೆ ಕಂಪನಿ ಗೆದ್ದಿದ್ದು ಇಲ್ಲೇ. ಕೇಸ್ ಹಾಕ್ತೀವಿ ಅನ್ನೋ ಹೆದರಿಕೆಯಲ್ಲೇ ಸರ್ಕಾರ ಕೈಕಟ್ಟಿ ಕೂತ್ರೆ ಅದಕ್ಕಿಂತ ಅಗ್ಗದ ಗೆಲುವು ಯಾವುದಿದೆ?

ಸಾಗರದಾಚೆ:
ಕಾದ್ರು ಅಂದ್ರೆ ವಿವೇಕ ಇತ್ತು ಅಂತ ಅರ್ಥ. ಕೊನೆಗೆ ಕಾನೂನು ತಂದ್ರು ಅಂತ ನೀವೇ ಬರ್ದಿದೀರ.

ನೇರನುಡಿ:
ಜನ ಸಾಯೋ ವಿಷಯದಲ್ಲಿ ಮೂರು ವರ್ಷ ಕಾಯೋದನ್ನ ವಿವೇಕ ಅಂತ ಕರೆಯೋರ ಜೊತೆ ನಾನು ಇನ್ನೇನು ಮಾತಾಡ್ಲಿ. ನಿಮಗೆ ಕಂಪನಿಯ ಷೇರು ಮುಖ್ಯ, ನನಗೆ ಶ್ವಾಸಕೋಶ ಮುಖ್ಯ.

ಸಾಗರದಾಚೆ:
ವೈಯಕ್ತಿಕವಾಗಿ ಬರ್ಬೇಡಿ. ನಾನು ಯಾವ ಸಿಗರೇಟ್ ಕಂಪನಿ ಪರಾನೂ ಒಂದು ಅಕ್ಷರ ಬರ್ದಿಲ್ಲ, ಮೇಲೆ ಹೋಗಿ ಓದಿ.

ಲೆಕ್ಕಾಚಾರ:
ಇಬ್ರೂ ಒಂದೊಂದು ಕೇಸ್ ಹಿಡ್ಕೊಂಡು ಜಗ್ಗಾಡ್ತಿದೀರ. ಒಟ್ಟು ನೋಡಿ. ವಿಶ್ವಸಂಸ್ಥೆಯ ವ್ಯಾಪಾರ ಮತ್ತೆ ಅಭಿವೃದ್ಧಿ ಸಂಸ್ಥೆ ಅಂಕ್ಟಾಡ್ ಇಟ್ಟಿರೋ ಲೆಕ್ಕದಲ್ಲಿ ಇಂಥ ಕೇಸುಗಳು 1300 ದಾಟಿವೆ. ತೀರ್ಮಾನ ಆದವುಗಳಲ್ಲಿ ಸರ್ಕಾರ ಗೆದ್ದಿದ್ದು ಮೂರರಲ್ಲಿ ಒಂದಕ್ಕಿಂತ ಸ್ವಲ್ಪ ಹೆಚ್ಚು, ಹೂಡಿಕೆದಾರ ಗೆದ್ದಿದ್ದು ನಾಲ್ಕರಲ್ಲಿ ಒಂದಕ್ಕಿಂತ ಸ್ವಲ್ಪ ಹೆಚ್ಚು. ಕಂಪನಿಗಳೇ ಗೆಲ್ಲೋ ಆಟ ಅನ್ನೋದು ಲೆಕ್ಕಕ್ಕೆ ಕೂರಲ್ಲ.

ನೇರನುಡಿ:
ಉಳಿದಿದ್ದು ಎಲ್ಲಿ ಹೋಯ್ತು? ಐದರಲ್ಲಿ ಒಂದರ ಹತ್ರ ರಾಜಿ. ರಾಜಿ ಅಂದ್ರೆ ಸರ್ಕಾರ ಏನಾದ್ರೂ ಕೊಟ್ಟಿರತ್ತೆ, ದುಡ್ಡೋ ಅನುಮತಿಯೋ. 1997ರಲ್ಲಿ ಕೆನಡಾ ಪೆಟ್ರೋಲಿಗೆ ಬೆರೆಸೋ ಒಂದು ಮ್ಯಾಂಗನೀಸ್ ರಾಸಾಯನಿಕದ ಆಮದು ತಡೀತು, ಈಥೈಲ್ ಅನ್ನೋ ಅಮೆರಿಕದ ಕಂಪನಿ ನಾಫ್ಟಾ ಕೆಳಗೆ ಕೇಸ್ ಹಾಕ್ತು, 1998ರಲ್ಲಿ ಕೆನಡಾ ಸುಮಾರು 1.3 ಕೋಟಿ ಡಾಲರ್ ಕೊಟ್ಟು ನಿಷೇಧಾನೂ ಹಿಂದಕ್ಕೆ ತಗೊಳ್ತು. ನಿಮ್ಮ ಲೆಕ್ಕದಲ್ಲಿ ಇದು "ಹೂಡಿಕೆದಾರ ಗೆದ್ದಿದ್ದು" ಅನ್ನೋ ಕಾಲಮ್ಮಿಗೆ ಬರಲ್ಲ ಅಲ್ವಾ?

ಕರಿಕೋಟು:
ಆ ನಿಷೇಧ ಕೆನಡಾದ ಒಳಗಿನ ವ್ಯಾಪಾರ ಒಪ್ಪಂದಕ್ಕೇ ವಿರುದ್ಧ ಅಂತ ಅವರದೇ ಪ್ರಾಂತ್ಯಗಳು ಹಾಕಿದ್ದ ದೂರಿನಲ್ಲೂ ಕೇಂದ್ರ ಸರ್ಕಾರ ಸೋತಿತ್ತು. ಅದನ್ನ ಬಿಟ್ಟು ಹೇಳಿದ್ರೆ ಕಥೆ ಅರ್ಧ ಆಗತ್ತೆ.

ನೇರನುಡಿ:
ಸರಿ, ಪ್ರಾಂತ್ಯಗಳ ದೂರಿಗೆ ದುಡ್ಡು ಕೊಡ್ಬೇಕಿತ್ತಾ? ಕೊಟ್ಟಿದ್ದು ಕಂಪನಿಗೆ. ಇನ್ನೊಂದು ಕೇಳಿ. ಇಟಲಿ ಇಂಧನ ಹೂಡಿಕೆಗೆ ರಕ್ಷಣೆ ಕೊಡೋ ಬಹುರಾಷ್ಟ್ರೀಯ ಎನರ್ಜಿ ಚಾರ್ಟರ್ ಒಪ್ಪಂದದಿಂದ ಹೊರಗೆ ಬಂದಿದ್ದು 2016ರ ಜನವರಿಯಲ್ಲಿ. ಕರಾವಳಿಯಿಂದ 12 ನಾಟಿಕಲ್ ಮೈಲಿ ಒಳಗೆ ತೈಲ ತೆಗೆಯೋ ಹಾಗಿಲ್ಲ ಅಂತ ಅವರ ಸಂಸತ್ತು ನಿಷೇಧ ತಂತು. ರಾಕ್‌ಹಾಪರ್ ಅನ್ನೋ ಬ್ರಿಟಿಷ್ ಕಂಪನಿ 2017ರಲ್ಲಿ ಕೇಸ್ ಹಾಕ್ತು, ಅಂದ್ರೆ ಇಟಲಿ ಹೊರಗೆ ಬಂದ ಮೇಲೆ! ಯಾಕೆ ಸಾಧ್ಯ ಆಯ್ತು ಅಂದ್ರೆ ಹೊರಗೆ ಬಂದ್ರೂ ಹಳೇ ಹೂಡಿಕೆಗೆ ಇನ್ನೂ 20 ವರ್ಷ ರಕ್ಷಣೆ ಅಂತ ಆ ಒಪ್ಪಂದದಲ್ಲೇ ಬರ್ದಿದೆ. 2022ರಲ್ಲಿ ಸುಮಾರು 19 ಕೋಟಿ ಯೂರೋ ಕೊಡಿ ಅಂತ ತೀರ್ಪು. ಬಿಟ್ಟು ಹೋದ್ರೂ ಬಿಡಲ್ಲ ಅಂದ್ರೆ ಇದೇ.

ಅರ್ಧರಾತ್ರಿ:
ಇಷ್ಟು ಹೊತ್ತು ಸುಮ್ಮನೆ ಓದ್ತಿದ್ದೆ, ಇದಕ್ಕೆ ಮಾತ್ರ ಬರೀಲೇಬೇಕು. ರಾಕ್‌ಹಾಪರ್ ತೀರ್ಪು 2025ರ ಜೂನ್‌ನಲ್ಲಿ ರದ್ದಾಗಿದೆ, ಇಕ್ಸಿಡ್‌ನ ರದ್ದತಿ ಸಮಿತಿಯೇ ಪೂರ್ತಿ ರದ್ದು ಮಾಡಿದೆ. ನೇರನುಡಿ ಅವರೇ, ಮೂರು ವರ್ಷ ಹಿಂದಿನ ಸುದ್ದಿ ಇಟ್ಕೊಂಡು ಜನರನ್ನ ಹೆದರಿಸ್ತಿದೀರಲ್ಲ.

ನೇರನುಡಿ:
ರದ್ದಾಗಿದ್ದು ಯಾಕೆ ಅಂತ ಬರೀರಿ. ಒಬ್ಬ ಮಧ್ಯಸ್ಥಗಾರ ತನ್ನ ಬಗ್ಗೆ ಹೇಳ್ಬೇಕಾದ ಸಂಗತಿ ಹೇಳಿರ್ಲಿಲ್ಲ, ಟ್ರಿಬ್ಯೂನಲ್ ರಚನೆಯೇ ಸರಿ ಇರ್ಲಿಲ್ಲ ಅಂತ ರದ್ದಾಯ್ತು. 20 ವರ್ಷದ ಷರತ್ತು ತಪ್ಪು ಅಂತ ಯಾರಾದ್ರೂ ಹೇಳಿದ್ರಾ? ಆ ಷರತ್ತು ಹಾಗೇ ಇದೆ.

ಸಾಗರದಾಚೆ:
ಆಹಾ. ಇಟಲಿ ಕೇಸಲ್ಲಿ ತೀರ್ಪು ಯಾವ ಕಾರಣಕ್ಕೆ ಬಿತ್ತು ಅಂತ ನೋಡ್ಬೇಕು, ಆದ್ರೆ ಆ ತೀರ್ಪು ರದ್ದಾಗಿ ಇಟಲಿ ಆ ಹಣ ಕೊಡ್ಬೇಕಾಗಿಲ್ಲ ಅನ್ನೋದು ನೋಡಬಾರ್ದು. ಆಸ್ಟ್ರೇಲಿಯಾದಲ್ಲೂ ಇದೇ ನಿಯಮ ನಿಮ್ಮದು. ಒಟ್ಟಲ್ಲಿ ಸರ್ಕಾರ ಗೆದ್ರೂ ನಿಮಗೆ ಅದು ಗೆಲುವಲ್ಲ.

ನೇರನುಡಿ:
ಹೌದು, ಅಲ್ಲ. ಕಾರಣ ಮುಖ್ಯ. ಎರಡೂ ಕಡೆ ನಾನು ಹೇಳಿದ್ದು ಒಂದೇ, ಮಾತು ಬದಲಾಯಿಸಿದ್ದು ನಾನಲ್ಲ.

ಹಾಡುಹಕ್ಕಿ:
ನನ್ನ ಪ್ರಶ್ನೆಗೆ ಯಾರೂ ಉತ್ತರ ಕೊಡ್ಲಿಲ್ಲ, ನಾನೇ ಓದಿ ಬರೀತಿದೀನಿ, ತಪ್ಪಿದ್ರೆ ಕರಿಕೋಟು ಅವರು ತಿದ್ದಲಿ. 1995ರಲ್ಲಿ ಜಾರಿಗೆ ಬಂದ ವಿಶ್ವ ವ್ಯಾಪಾರ ಸಂಸ್ಥೆಯ ಸೇವಾ ಒಪ್ಪಂದ, ಗ್ಯಾಟ್ಸ್, ಅದರಲ್ಲಿ ಸೇವೆ ಕೊಡೋಕೆ ನಾಲ್ಕು ದಾರಿ ಹೇಳಿದಾರೆ, ಮೂರನೇದು ವಿದೇಶಿ ಕಂಪನಿ ಬಂದು ನಮ್ಮಲ್ಲೇ ಕಚೇರಿ ತೆರೆಯೋದು. ಬ್ಯಾಂಕು, ವಿಮೆ, ಟೆಲಿಕಾಂ ಎಲ್ಲಾ ಇದರಲ್ಲಿ ಬರತ್ತೆ. ಪ್ರತಿ ದೇಶಾನೂ ಯಾವ ಕ್ಷೇತ್ರ ಎಷ್ಟು ತೆರೀತೀವಿ ಅಂತ ಪಟ್ಟಿ ಕೊಡ್ಬೇಕು. ಭಾರತ ಟೆಲಿಕಾಂನಲ್ಲಿ ಆಗ ಕೊಟ್ಟ ಮಾತು ವಿದೇಶಿ ಪಾಲು ಶೇಕಡಾ 25. ನಿಜವಾಗಿ ಏನಾಯ್ತು? ಸರ್ಕಾರ ತನ್ನ ಇಷ್ಟದಿಂದ 49ಕ್ಕೆ ಬಿಡ್ತು, ಆಮೇಲೆ 74, ಆಮೇಲೆ 100. ಯಾವ ಒಪ್ಪಂದಾನೂ ಕೇಳಿರ್ಲಿಲ್ಲ. 1991ರಲ್ಲಿ 34 ಉದ್ಯಮಗಳಿಗೆ ಶೇಕಡಾ 51ರವರೆಗೆ ನೇರ ಅನುಮತಿ ಕೊಟ್ಟಾಗ ಭಾರತಕ್ಕೆ ಒಂದೇ ಒಂದು ದ್ವಿಪಕ್ಷೀಯ ಹೂಡಿಕೆ ಒಪ್ಪಂದ ಇರ್ಲಿಲ್ಲ, ಮೊದಲನೇದು ಬ್ರಿಟನ್ ಜೊತೆ 1994ರಲ್ಲಿ. ಹಾಗಾದ್ರೆ ಬಾಗಿಲು ತೆರೆಯೋದು ದೇಶದ ಒಳಗಿನ ಕಾನೂನೇ, ಒಪ್ಪಂದ ಮಾಡೋದು ತೆರೆದ ಬಾಗಿಲು ಮತ್ತೆ ಮುಚ್ಚೋಕಾಗದ ಹಾಗೆ ಹಿಂದಿನಿಂದ ಕಲ್ಲು ಇಡೋ ಕೆಲಸ. ನನಗೆ ಅರ್ಥ ಆಗಿದ್ದು ಇದು. ಬಂಡವಾಳ ಬರತ್ತಾ ಅನ್ನೋದಕ್ಕಿಂತ, ಬಂದಮೇಲೆ ಸರ್ಕಾರ ಮನಸ್ಸು ಬದಲಾಯಿಸಿದ್ರೆ ಅದಕ್ಕೆ ಬೆಲೆ ಎಷ್ಟು, ಅದನ್ನ ಯಾರು ತೆರ್ತಾರೆ ಅನ್ನೋದನ್ನ ಒಪ್ಪಂದ ತೀರ್ಮಾನ ಮಾಡತ್ತೆ.

ಲೆಕ್ಕಾಚಾರ:
"ಯಾವ ಒಪ್ಪಂದಾನೂ ಕೇಳಿರ್ಲಿಲ್ಲ" ಅನ್ನೋದು ಪೂರ್ತಿ ಸರಿ ಅಲ್ಲ. ವಿಶ್ವ ವ್ಯಾಪಾರ ಸಂಸ್ಥೆಯಲ್ಲೇ ಟ್ರಿಮ್ಸ್ ಅಂತ ಇನ್ನೊಂದಿದೆ, ವಿದೇಶಿ ಕಂಪನಿಗೆ ಬಿಡಿಭಾಗ ಇಲ್ಲೇ ಕೊಂಡ್ಕೋಬೇಕು ಅಂತ ಷರತ್ತು ಹಾಕೋ ಹಾಗಿಲ್ಲ ಅನ್ನತ್ತೆ. ಕಾರು ತಯಾರಕರ ಮೇಲೆ ಹಾಕಿದ್ದ ಇಂಥ ಷರತ್ತಿನ ವಿಷಯದಲ್ಲಿ ಅಮೆರಿಕ, ಯುರೋಪ್ ಎರಡೂ ದೂರು ಕೊಟ್ವು, 2001ರ ಕೊನೆಗೆ ಭಾರತದ ವಿರುದ್ಧ ವರದಿ ಬಂತು. ಸೋಲಾರ್ ಫಲಕಕ್ಕೆ ದೇಶೀ ಸೆಲ್ಲೇ ಬಳಸ್ಬೇಕು ಅಂದಿದ್ದೂ 2016ರಲ್ಲಿ ಬಿದ್ದುಹೋಯ್ತು.

ನೇರನುಡಿ:
ಅದನ್ನೇ ನಾನು ಮೊದಲಿಂದ ಹೇಳ್ತಿರೋದು! ಒಂದು ದೇಶ ತನ್ನ ಕೈಗಾರಿಕೆ ಬೆಳೆಸೋಕೆ ಷರತ್ತು ಹಾಕೋ ಹಾಗಿಲ್ಲ. ಜಪಾನ್, ಕೊರಿಯಾ ಎಲ್ಲಾ ಷರತ್ತು ಹಾಕೇ ಬೆಳೆದಿದ್ದು. ಇನ್ನು ಆಸ್ಟ್ರೇಲಿಯಾದ ಕಂಪನಿ ವೈಟ್ ಇಂಡಸ್ಟ್ರೀಸ್ ನೆನಪಿಸ್ಕೊಳ್ಳಿ. ಕೋಲ್ ಇಂಡಿಯಾ ಜೊತೆ ಗಣಿ ಗುತ್ತಿಗೆ, 2002ರಲ್ಲಿ ಮಧ್ಯಸ್ಥಿಕೆಯಲ್ಲಿ ಕಂಪನಿ ಗೆಲ್ತು, ಇಲ್ಲಿನ ಕೋರ್ಟುಗಳಲ್ಲಿ ಜಾರಿ ಆಗ್ಲಿಲ್ಲ. 2011ರಲ್ಲಿ ಆಸ್ಟ್ರೇಲಿಯಾ ಒಪ್ಪಂದದ ಕೆಳಗೆ ಭಾರತ ಸುಮಾರು 40 ಲಕ್ಷ ಆಸ್ಟ್ರೇಲಿಯನ್ ಡಾಲರ್ ಪರಿಹಾರ ಕೊಡ್ಬೇಕು ಅಂತ ತೀರ್ಪು. ಆ ಒಪ್ಪಂದದಲ್ಲಿ ಇಲ್ಲದೇ ಇದ್ದ ಷರತ್ತನ್ನ ಭಾರತ ಕುವೈತ್ ಜೊತೆ ಮಾಡ್ಕೊಂಡಿದ್ದ ಒಪ್ಪಂದದಿಂದ ಎತ್ಕೊಂಡು ಬಂದು ಅನ್ವಯ ಮಾಡಿದ್ರು. ಯಾರ ಜೊತೆಗೋ ಕೊಟ್ಟ ಮಾತು ಇನ್ಯಾರಿಗೋ ಸಿಗತ್ತೆ.

ಕರಿಕೋಟು:
"ಇಲ್ಲದೇ ಇದ್ದ ಷರತ್ತು" ಅಂತ ಹೇಳಬೇಡಿ, ಪರಮಾಪ್ತ ರಾಷ್ಟ್ರ ಷರತ್ತು ಆಸ್ಟ್ರೇಲಿಯಾ ಒಪ್ಪಂದದಲ್ಲೇ ಇತ್ತು, ಯಾರಿಗೆ ಒಳ್ಳೇ ಸೌಲಭ್ಯ ಕೊಟ್ರೂ ಇವರಿಗೂ ಕೊಡ್ಬೇಕು ಅಂತ. ಸಹಿ ಹಾಕಿದ್ದು ಭಾರತಾನೇ. ಅದೂ ಅಲ್ದೆ ಒಂಬತ್ತು ವರ್ಷ ಕೇಸ್ ಕೊಳೆಸಿದ್ದು ಯಾವ ಒಪ್ಪಂದದ ತಪ್ಪು? ಆಮೇಲೆ ಭಾರತ ಪಾಠ ಕಲಿತಿದ್ದನ್ನೂ ಹೇಳಿ. 2015ರ ಮಾದರಿ ಒಪ್ಪಂದದಿಂದ ಆ ಷರತ್ತು ತೆಗೆದ್ರು, ತೆರಿಗೆ ವಿಷಯ ಹೊರಗಿಟ್ರು, ಟ್ರಿಬ್ಯೂನಲ್ಲಿಗೆ ಹೋಗೋ ಮೊದಲು ಐದು ವರ್ಷ ದೇಶದ ಕೋರ್ಟಲ್ಲೇ ಪ್ರಯತ್ನ ಮಾಡ್ಬೇಕು ಅಂದ್ರು, ಹಳೇ ಒಪ್ಪಂದಗಳಲ್ಲಿ ಬಹುಪಾಲು ರದ್ದು ಮಾಡೋಕೆ ನೋಟಿಸ್ ಕೊಟ್ರು. ಅದೇ ಸರ್ಕಾರ 2024ರಲ್ಲಿ ಯುಎಇ ಜೊತೆ ಮಾಡ್ಕೊಂಡಿದ್ರಲ್ಲಿ ಐದನ್ನ ಮೂರು ವರ್ಷಕ್ಕೆ ಇಳಿಸ್ತು. ಅಂದ್ರೆ ಚೌಕಾಸಿ ನಡೀತಾನೇ ಇದೆ, ನೀವು ಹೇಳೋ ಹಾಗೆ ಕೈ ಕಟ್ಟಿ ಬಿದ್ದಿಲ್ಲ.

ಸಾಗರದಾಚೆ:
ಐದನ್ನ ಮೂರು ಮಾಡಿದ್ದು ಯಾಕೆ? ಬಂಡವಾಳ ಬೇಕಾಗಿತ್ತು ಅಂತ. ನಾನು ಮೊದಲೇ ಹೇಳಿದ್ದು ಇದನ್ನೇ.

ಹಾಡುಹಕ್ಕಿ:
ಹಾಗಾದ್ರೆ ಇದಕ್ಕೆ ಏನಂತೀರ? ಸ್ವಿಟ್ಜರ್ಲೆಂಡ್, ನಾರ್ವೆ, ಐಸ್‌ಲ್ಯಾಂಡ್, ಲಿಕ್ಟೆನ್‌ಸ್ಟೈನ್ ಜೊತೆ 2024ರ ಮಾರ್ಚ್‌ನಲ್ಲಿ ಸಹಿ ಆದ ವ್ಯಾಪಾರ ಒಪ್ಪಂದದಲ್ಲಿ 15 ವರ್ಷದಲ್ಲಿ 10,000 ಕೋಟಿ ಡಾಲರ್ ಹೂಡಿಕೆ ತರೋ ಗುರಿ, 10 ಲಕ್ಷ ಉದ್ಯೋಗ ಅಂತ ಬರ್ದಿದಾರೆ. ಗುರಿ ಮುಟ್ಟದೆ ಹೋದ್ರೆ ಮಾತುಕತೆ, ಕಾಲಾವಕಾಶ ಎಲ್ಲಾ ಮುಗಿದ ಮೇಲೆ ಭಾರತ ತಾನು ಕೊಟ್ಟ ಸುಂಕದ ರಿಯಾಯಿತಿ ಹಿಂದಕ್ಕೆ ತಗೋಬಹುದು. ಇಲ್ಲಿ ಕಂಪನಿ ಸರ್ಕಾರದ ಮೇಲೆ ಕೇಸ್ ಹಾಕೋ ವ್ಯವಸ್ಥೆ ಇಲ್ಲ. ಹಳೇ ಒಪ್ಪಂದಗಳಲ್ಲಿ ಬಂಡವಾಳ ಪಡೆಯೋ ದೇಶ ಮಾತ್ರ ಮಾತು ಕೊಡ್ತಿತ್ತು, ಕಳಿಸೋ ದೇಶ ಏನೂ ಕೊಡ್ತಿರ್ಲಿಲ್ಲ. ಇದು ತಿರುಗಿ ನಿಂತಿದೆ ಅಲ್ವಾ?

ಲೆಕ್ಕಾಚಾರ:
ನಾರ್ವೆ ಸರ್ಕಾರ ಅಲ್ಲಿನ ಖಾಸಗಿ ಕಂಪನಿಗೆ ಹೋಗಿ ಭಾರತದಲ್ಲಿ ಹಾಕು ಅಂತ ಆದೇಶ ಮಾಡೋಕಾಗತ್ತಾ? ಆಗಲ್ಲ. ಮಾರುಕಟ್ಟೆ ಚೆನ್ನಾಗಿದ್ರೆ ಒಪ್ಪಂದ ಇಲ್ದೇನೂ ಬರ್ತಿತ್ತು, ಆಗ ಅದನ್ನೂ ಒಪ್ಪಂದದ ಲೆಕ್ಕಕ್ಕೇ ಬರ್ಕೊಳ್ತಾರೆ.

ನೇರನುಡಿ:
"ಒಪ್ಪಂದ ಇಲ್ದೇನೂ ಬರ್ತಿತ್ತು." ಸಾಗರದಾಚೆ ಅವರೇ, ನಿಮ್ಮ ಕಡೆಯವರೇ ಹೇಳಿದ್ದು ಇದು. ಬ್ರೆಜಿಲ್ ಬಗ್ಗೆ ನಾನು ಬರ್ದಿದ್ದೂ ಇದೇ.

ಸಾಗರದಾಚೆ:
ಲೆಕ್ಕಾಚಾರ ನನ್ನ ಕಡೆ ಅಂತ ಯಾರು ಹೇಳಿದ್ರು? ಭಾರತ ಬ್ರೆಜಿಲ್ ಥರ ದೊಡ್ಡ ಮಾರುಕಟ್ಟೆ, ಅದಕ್ಕೆ ಈ ಮಾತು ಹೊಂದತ್ತೆ. ಮಾರುಕಟ್ಟೆ ಇಲ್ದಿರೋ ಸಣ್ಣ ದೇಶದ ವಿಷಯಕ್ಕೆ ಬನ್ನಿ. 2009ರಲ್ಲಿ ಇಕ್ಸಿಡ್ ಬಿಟ್ಟು ಹೋದ ಈಕ್ವೆಡಾರ್ 2021ರಲ್ಲಿ ವಾಪಸ್ ಯಾಕೆ ಸೇರ್ತು? ಅದಕ್ಕೆ ಉತ್ತರ ಕೊಡಿ.

ನೇರನುಡಿ:
ಸರ್ಕಾರ ಬದಲಾಯ್ತು, ಸೇರ್ತು. ಬಂಡವಾಳ ಎಷ್ಟು ಹೆಚ್ಚಾಯ್ತು ಅಂತ ನೀವು ಹೇಳಿ. ಹೇಳೋವರೆಗೂ ನ್ಯೂಜಿಲೆಂಡಿನ ಪ್ರಶ್ನೆ ಹಾಗೇ ಬಾಕಿ ಇದೆ.

ಸಾಗರದಾಚೆ:
ನ್ಯೂಜಿಲೆಂಡಿಗೆ ಉತ್ತರ ಕೊಟ್ಟಾಗಿದೆ, ಮೇಲೆ ನೋಡಿ. ಈಕ್ವೆಡಾರ್ ಅಂಕಿ ಹುಡುಕಿ ನಾಳೆ ಹಾಕ್ತೀನಿ.